ಮುರಿದ ಸೂಜಿ, ಮೂರು ತುಂಡು

ಏನು ಕೆಲಸ ಅಂತ ಯಾರಾದರೂ ಕೇಳಿದರೆ ಮೊದಲು 'ಉಪಗ್ರಹ ತಯಾರಿಸೋ ಕಡೆ' ಅನ್ನುತ್ತೇನೆ. ಕೇಳಿದವರ ಕಣ್ಣು ಅರಳುತ್ತದೆ. ಆಮೇಲೆ 'ಅಲ್ಲಿ ಹೊಲಿಗೆ' ಅನ್ನುತ್ತೇನೆ. ಕಣ್ಣು ಮತ್ತೆ ಮಾಮೂಲಿಗೆ ಬರುತ್ತದೆ. ನಮ್ಮ ಚಿಕ್ಕಮ್ಮ ಅಂತೂ ಮುಖಕ್ಕೇ ಕೇಳಿದ್ದಳು: "ಟೈಲರ್ ಅಂತ ಹೇಳೇ, ಅದ್ರಲ್ಲಿ ನಾಚಿಕೆ ಏನು?"

ನಾಚಿಕೆ ಏನೂ ಇಲ್ಲ. ನಾನು ಉಪಗ್ರಹಕ್ಕೆ ಹೊದಿಕೆ ಹೊಲಿಯುವವಳು. ಫೋಟೋಗಳಲ್ಲಿ ಉಪಗ್ರಹದ ಮೈಮೇಲೆ ಚಿನ್ನದ ಹಾಳೆ ಸುತ್ತಿದ ಹಾಗೆ ಕಾಣುತ್ತದಲ್ಲ, ಅದು. ಚಿನ್ನ ಅಲ್ಲ. ಕ್ಯಾಪ್ಟಾನ್ ಅನ್ನುವ ಪ್ಲಾಸ್ಟಿಕ್ ಹಾಳೆ. ಅದರ ಸ್ವಂತ ಬಣ್ಣವೇ ಜೇನಿನ ಹಾಗೆ, ಹಿಂದೆ ಬಳಿದ ಅಲ್ಯೂಮಿನಿಯಂ ಹೊಳೆಯುವುದರಿಂದ ಚಿನ್ನ ಅನ್ನಿಸುತ್ತದೆ. ಅದರ ಕೆಳಗೆ ಹತ್ತೋ ಹದಿನೈದೋ ತೆಳು ಹಾಳೆಗಳು. ಒಂದೊಂದೂ ಸುಮಾರು 6 ಮೈಕ್ರಾನ್, ಅಂದರೆ ತಲೆಕೂದಲಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಎರಡು ಹಾಳೆ ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ ನಡುವೆ ಸೊಳ್ಳೆಪರದೆಯಂಥ ಜಾಳು ಬಟ್ಟೆ. ಅಂಟಿಕೊಂಡರೆ ಬಿಸಿ ಒಂದರಿಂದ ಇನ್ನೊಂದಕ್ಕೆ ದಾಟಿಬಿಡುತ್ತದೆ. ಹಾಗಾಗಿ ನನ್ನ ಹೊಲಿಗೆ ಬಿಗಿಯಾಗಿ ಇರಬಾರದು. ಹೊಲಿಗೆ ಕಲಿಸಿದವರೆಲ್ಲ ಬಿಗಿಯಾಗಿ ಹೊಲಿ ಅಂತ ಹೇಳಿಕೊಟ್ಟಿದ್ದರು. ಇಲ್ಲಿ ಬಂದು ಅದನ್ನೆಲ್ಲ ಮರೆಯಬೇಕಾಯಿತು.

ಈ ಹೊದಿಕೆ ಯಾಕೆ ಬೇಕು ಅಂದರೆ, ಮೇಲೆ ಗಾಳಿ ಇಲ್ಲ. ಬಿಸಿಲು ಬಿದ್ದ ಕಡೆ 100 ಡಿಗ್ರಿ ದಾಟಬಹುದು, ನೆರಳಿನ ಕಡೆ ಸೊನ್ನೆಗಿಂತ 100 ಡಿಗ್ರಿ ಕೆಳಗಿಳಿಯಬಹುದು. ನಡುವೆ ಕೂತ ಬ್ಯಾಟರಿಗೆ ಕೋಣೆಯೊಳಗಿನ ಹದ ಬೇಕು. ಹೈಡ್ರಜೀನ್ ಅನ್ನುವ ಇಂಧನ ಸುಮಾರು 2 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಬೆರಳು ಗಾತ್ರವೂ ಇಲ್ಲದ ಅದರ ಕೊಳವೆಗೆ ಹೀಟರ್ ಸುತ್ತಿ, ಅದರ ಮೇಲೆ ನಾನು ಹೊದಿಕೆ ಸುತ್ತುತ್ತೇನೆ. ಆ ಕೊಳವೆ ಹೆಪ್ಪುಗಟ್ಟಿದರೆ ಉಪಗ್ರಹಕ್ಕೆ ಕೈಕಾಲು ಆಡುವುದಿಲ್ಲ.

ಚಿಕ್ಕಮ್ಮನಿಗೆ ನಾನು ಹೇಳಿದ್ದು ಸ್ಕೈಲ್ಯಾಬ್ ಕಥೆ. 1973ರ ಮೇ 14ರಂದು ಅಮೆರಿಕದ ಆ ಬಾಹ್ಯಾಕಾಶ ನಿಲ್ದಾಣ ಮೇಲೇರುವಾಗ ಅದರ ಹೊರಗವಚ ಕಿತ್ತುಹೋಯಿತು. ಬಿಸಿಲಿಗೆ ನೆರಳೇ ಇಲ್ಲ. ಒಳಗೆ 50 ಡಿಗ್ರಿ ಸುಡುವ ಸೆಕೆ. ಗಗನಯಾತ್ರಿಗಳು ಹೊರಡುವುದಕ್ಕೆ ಸಿಕ್ಕಿದ್ದು 11 ದಿನ. ಅಷ್ಟರಲ್ಲಿ ಕೆಳಗೆ ಹೊಲಿಗೆಯವರು ಕೂತು ನೆರಳಿನ ಬಟ್ಟೆ ಹೊಲಿದು ಕೊಟ್ಟರು. ಮೇಲೆ ಹೋದವರು ಅದನ್ನು ಕೊಡೆಯ ಹಾಗೆ ಬಿಡಿಸಿದರು. ನಿಲ್ದಾಣ ಉಳಿಯಿತು. "ಹಾಗಾದ್ರೆ ಟೈಲರೇ," ಅಂದಳು ಚಿಕ್ಕಮ್ಮ. ಆದರೆ ಈ ಸಲ ಬೇರೆ ದನಿಯಲ್ಲಿ.

ಈಗ ನಾನು ಹೇಳಬೇಕೆಂದಿರುವುದು ಉಡಾವಣೆಯ ಮುಂಚಿನ ಕೊನೆಯ ವಾರಗಳ ಬಗ್ಗೆ. ಟೀವಿಯಲ್ಲಿ ಕಾಣುವುದು ಕೊನೆಯ ಹತ್ತು ಸೆಕೆಂಡು. ಅದಕ್ಕೆ ಮುಂಚೆ ಏನೇನೋ ಜೋಡಿಸುತ್ತಾ, ಸೇರಿಸುತ್ತಾ ಇರುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸೇರಿಸುವ ಕೆಲಸ ಬಹುಪಾಲು ತಿಂಗಳುಗಳ ಮುಂಚೆಯೇ ಮುಗಿದಿರುತ್ತದೆ. ಅಲುಗಾಡಿಸುವ ಪರೀಕ್ಷೆ, ರಾಕೆಟ್ಟಿನ ಗದ್ದಲವನ್ನು ಸ್ಪೀಕರ್‌ಗಳಿಂದ ಕೇಳಿಸುವ ಪರೀಕ್ಷೆ, ದೊಡ್ಡ ಉಕ್ಕಿನ ಕೊಠಡಿಯಲ್ಲಿ ಗಾಳಿ ಎಳೆದು ಬಿಸಿ ಮಾಡಿ ತಣ್ಣಗೆ ಮಾಡಿ ನೋಡುವ ಪರೀಕ್ಷೆ, ಎಲ್ಲ ಆಗಿರುತ್ತದೆ. ಉಡಾವಣೆಯ ಜಾಗಕ್ಕೆ ಹೋದ ಮೇಲೆ ನಮ್ಮ ಕೆಲಸ ಜಾಸ್ತಿ ತೆಗೆಯುವುದು. ತೆಗೆದದ್ದನ್ನು ಎಣಿಸುವುದು. ಎಣಿಸಿದ್ದನ್ನು ಬರೆಯುವುದು.

ಉಪಗ್ರಹದ ಮೈಮೇಲೆ ಕೆಂಪು ಪಟ್ಟಿಗಳು ನೇತಾಡುತ್ತಿರುತ್ತವೆ. 'ಹಾರುವ ಮುನ್ನ ತೆಗೆಯಿರಿ' ಅಂತ ಬರೆದ ಪಟ್ಟಿಗಳು. ಕ್ಯಾಮರಾ ಮೇಲೊಂದು ಮುಚ್ಚಳ, ಚಿಕ್ಕ ರಾಕೆಟ್ ಮೂತಿಗಳ ಮೇಲೊಂದೊಂದು ಟೊಪ್ಪಿ, ಕನೆಕ್ಟರ್‌ಗಳಿಗೆ ಬಿರಡೆ, ಸಿಡಿದು ಬಿಡಿಸುವ ಸಾಧನಗಳು ಅಪ್ಪಿತಪ್ಪಿ ಸಿಡಿಯದಂತೆ ಸುರಕ್ಷತಾ ಪ್ಲಗ್. ನಾವು ಕಳಿಸಿದ ಒಂದು ಉಪಗ್ರಹಕ್ಕೆ 118 ಇದ್ದವು. ಒಂದು ಮರೆತರೂ ಮುಗಿಯಿತು. ಮುಚ್ಚಳ ಮರೆತ ಕ್ಯಾಮರಾ ಹದಿನೈದು ವರ್ಷ ಕತ್ತಲೆಯ ಫೋಟೋ ಕಳಿಸುತ್ತಾ ಇರುತ್ತದೆ. ಮೇಲೆ ಹೋಗಿ ಯಾರು ತೆಗೆಯುತ್ತಾರೆ?

ಗೋಡೆಯ ಮೇಲೆ ಒಂದು ಬೋರ್ಡು. ಅದರಲ್ಲಿ 118 ಕೊಕ್ಕೆ. ಪಟ್ಟಿ ತೆಗೆದವರು ತಂದು ಅದರ ನಂಬರಿನ ಕೊಕ್ಕೆಗೇ ಹಾಕಬೇಕು. ತೆಗೆದಿದ್ದನ್ನು ಇನ್ನೊಬ್ಬರು ನೋಡಿರಬೇಕು, ಮೂರನೆಯವರು ಫೋಟೋ ತೆಗೆದಿರಬೇಕು. ಇಷ್ಟು ದೊಡ್ಡ ತಂತ್ರಜ್ಞಾನದ ನಡುವೆ ಕೊಕ್ಕೆ ಹಲಗೆಯಾ ಅಂತ ಹೊಸಬರು ನಗುತ್ತಾರೆ. ಖಾಲಿ ಕೊಕ್ಕೆ ದೂರದಿಂದಲೇ ಕಾಣುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಹಾಗೆ ಕಾಣುವುದಿಲ್ಲ.

ಕೆಲಸ ಮಾಡುವ ಜಾಗಕ್ಕೆ ಕ್ಲೀನ್ ರೂಮ್ ಅನ್ನುತ್ತಾರೆ. ಹೋಗುವುದೇ ಒಂದು ಕೆಲಸ. ಅಂಟು ಚಾಪೆ ಮೇಲೆ ಚಪ್ಪಲಿ ಒತ್ತಿ, ಶೂಗೆ ಗವಸು, ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕ್, ಮೈಗೆಲ್ಲ ಬಿಳಿ ಅಂಗಿ. ಕೈಗೆ ಗ್ಲೌಸ್, ಮಣಿಕಟ್ಟಿಗೆ ಟೇಪ್, ಅದಕ್ಕೊಂದು ತಂತಿ ಪಟ್ಟಿ. ಮೈಮೇಲಿನ ಸ್ಥಾಯಿ ವಿದ್ಯುತ್ತು ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಸುಡದೆ ಭೂಮಿಗೆ ಇಳಿದು ಹೋಗಲಿ ಅಂತ. ಪೌಡರ್ ಇಲ್ಲ, ಸೆಂಟ್ ಇಲ್ಲ, ಕಾಡಿಗೆ ಇಲ್ಲ. ಪೆನ್ಸಿಲ್ ಕೂಡ ಒಳಗೆ ಬರುವಂತಿಲ್ಲ. ಅದರ ಪುಡಿ ವಿದ್ಯುತ್ತು ಹರಿಸುತ್ತದೆ. ಇಷ್ಟೆಲ್ಲ ಆದರೂ ನಮ್ಮಂಥ ಕೋಣೆಯಲ್ಲಿ, ಐಎಸ್‌ಒ 8ನೇ ದರ್ಜೆ ಅನ್ನುತ್ತಾರೆ, ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣಗಳು 35,20,000 ತನಕ ಇರಬಹುದು ಅಂತ ಲೆಕ್ಕ. ಅಷ್ಟಿದ್ದರೂ ಅದು ಚೊಕ್ಕಟ! ಅಲ್ಲಿ ಅತಿ ಕೊಳಕು ವಸ್ತು ಅಂದರೆ ನಾವೇ. ಸುಮ್ನೆ ನಿಂತರೂ ಚರ್ಮ ಉದುರುತ್ತಿರುತ್ತದೆ. ಮೂಗು ತುರಿಸಿದರೆ ತುರಿಸಲಿ, ಮುಟ್ಟುವಂತಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಕಲಿತ ಅತಿ ಕಷ್ಟದ ವಿದ್ಯೆ ಅದೇ.

ಈಗ ಸೂಜಿಯ ವಿಷಯ.

ಉಡಾವಣೆಗೆ ಇನ್ನು 19 ದಿನ. ಉಪಗ್ರಹ ಬಂದು ಇಳಿದು, ಪೆಟ್ಟಿಗೆಯಲ್ಲಿ ಬರುವಾಗ ಎಷ್ಟು ಕುಲುಕಿತು ಅನ್ನುವ ದಾಖಲೆ ನೋಡಿ, ಸೋರಿಕೆ ಪರೀಕ್ಷೆ ಮುಗಿಸಿ, ಮಾರನೇ ದಿನ ಇಂಧನ ತುಂಬುವ ಕಟ್ಟಡಕ್ಕೆ ಸಾಗಿಸಬೇಕಿತ್ತು. ಒಂದು ಮೂಲೆಯಲ್ಲಿ ಹೊದಿಕೆಯ ಅಂಚು ಎದ್ದಿತ್ತು. ಸಾಮಾನ್ಯವಾಗಿ ಟೇಪ್ ಅಥವಾ ವೆಲ್ಕ್ರೋ ಸಾಕು. ಈ ಮೂಲೆ ಇಂಧನದ ಕವಾಟದ ಪಕ್ಕ, ಮೂರು ಕಡೆಯಿಂದ ಮಡಿಕೆ ಬಂದು ಸೇರುವ ಜಾಗ. ಟೇಪ್ ನಿಲ್ಲುತ್ತಿರಲಿಲ್ಲ. ನಾಲ್ಕು ಹೊಲಿಗೆ ಕೈಯಲ್ಲೇ ಹಾಕಲು ಒಪ್ಪಿಗೆ ಸಿಕ್ಕಿತು.

ಮೂರನೇ ಹೊಲಿಗೆಯಲ್ಲಿ ಸೂಜಿ ಮುರಿಯಿತು.

ಸದ್ದು ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಫ್ಯಾನುಗಳ ಗುಂಯ್ ಅನ್ನುವ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಬೆರಳಿಗೆ ಗೊತ್ತಾಯಿತು ಅಷ್ಟೆ. ಕಣ್ಣಿದ್ದ ತುಂಡು ನನ್ನ ಕೈಯಲ್ಲಿ. ನಡುವಿನ ತುಂಡು ಹಾಳೆಗೆ ಸಿಕ್ಕಿಕೊಂಡು ನಿಂತಿತ್ತು. ಮೊನೆ ಇಲ್ಲ.

ಕೈ ಹಾಗೇ ನಿಲ್ಲಿಸಿ ಜೋರಾಗಿ ಹೇಳಬೇಕು. ಅದೇ ನಿಯಮ. "ಸೂಜಿ ಮುರೀತು. ಮೊನೆ ಕಾಣ್ತಿಲ್ಲ." ನಾಲ್ಕೇ ಪದ. ಹೇಳುವ ಮುಂಚೆ ಒಂದು ಕ್ಷಣ ಬಾಯಿ ಕಟ್ಟಿತು, ನಿಜ. ಮೊನೆ ಅಂದರೆ ಎಷ್ಟು, ನಾಲ್ಕು ಮಿಲಿಮೀಟರ್. ಎಲ್ಲೋ ನೆಲಕ್ಕೆ ಬಿದ್ದಿರುತ್ತದೆ ಅಂತ ಮನಸ್ಸು ಆಗಲೇ ಸಮಾಧಾನ ಹೇಳುತ್ತಿತ್ತು. ಆದರೆ ತೂಕವೇ ಇಲ್ಲದ ಕಡೆ ಆ ನಾಲ್ಕು ಮಿಲಿಮೀಟರ್ ಉಕ್ಕು ತೇಲಿಕೊಂಡು ಹೋಗಿ ಎರಡು ತಂತಿಗಳ ನಡುವೆ ಕೂತರೆ ಶಾರ್ಟ್ ಆಗುತ್ತದೆ. ಭೂಮಿಯ ಮೇಲೆ ಕಸ ಕೆಳಗೆ ಬೀಳುತ್ತದೆ. ಅಲ್ಲಿ ಕಸ ಬೀಳುವುದಿಲ್ಲ, ತಿರುಗಾಡುತ್ತದೆ.

ಎಲ್ಲರೂ ಇದ್ದಲ್ಲೇ ನಿಂತರು. ಯಾರ ಕಾಲಿಗೆ ಅಂಟಿಕೊಂಡು ಹೊರಗೆ ಹೋಗುತ್ತದೋ ಯಾರಿಗೆ ಗೊತ್ತು. ಒಬ್ಬೊಬ್ಬರ ಅಂಗಿ, ಗವಸು ಬಿಚ್ಚಿಸಿ ಚೀಲಕ್ಕೆ ಹಾಕಿ ನಂಬರ್ ಬರೆದರು. ಆಯಸ್ಕಾಂತ ತಂದು ಸವರಿದರೆ ಆಗೋದಲ್ವಾ ಅಂತ ಹೊಸ ಹುಡುಗನೊಬ್ಬ ಕೇಳಿದ. ಉಪಗ್ರಹದ ಹತ್ತಿರ ಆಯಸ್ಕಾಂತ ತರಬಾರದು. ಒಳಗಿರುವ ಕೆಲವು ಭಾಗಗಳು ಅದಕ್ಕೆ ಕೆಡುತ್ತವೆ. ಹಾಗಾಗಿ ಟಾರ್ಚ್, ಕನ್ನಡಿ, ತೆಳು ಕೊಳವೆಯ ಕ್ಯಾಮರಾ. ನಾನು ಹೊಲಿದ ಮೂಲೆಯನ್ನು ನಾನೇ ಬಿಚ್ಚಿದೆ. ಪದರ ಪದರವಾಗಿ. ಸಿಗಲಿಲ್ಲ.

ಆರು ತಾಸಾಯಿತು. ಕ್ವಾಲಿಟಿ ನೋಡುವ ಹಿರಿಯರೊಬ್ಬರಿದ್ದರು, ಜಾಸ್ತಿ ಮಾತಾಡುವವರಲ್ಲ. ಬೈಯುತ್ತಾರೆ ಅಂತ ಕಾದಿದ್ದೆ. ಅವರು ಕೇಳಿದ್ದು ಒಂದೇ: "ಎಷ್ಟು ಗಂಟೆಗೆ ಮುರೀತಮ್ಮ? ಬರೆದ್ಯಾ?" ಬರೆದಿದ್ದೆ. ಅವರು ಆ ಸಮಯ ನೋಡಿ, ಅದಾದ ಮೇಲೆ ಏನೇನು ನಡೆಯಿತು ಅಂತ ಪುಟ ತಿರುಗಿಸಿದರು. ಸೂಜಿ ಮುರಿದು ಒಂದು ನಿಮಿಷದೊಳಗೆ, ನಾನು ಕೂಗಿದ್ದು ಕೇಳಿಸದ ಒಬ್ಬರು ವೇದಿಕೆಯ ಆಚೆ ಬದಿಯಲ್ಲಿ ವ್ಯಾಕ್ಯೂಮ್ ಹಿಡಿದು ಗುಡಿಸುತ್ತಿದ್ದರು. ಅದೂ ದಾಖಲೆಯಲ್ಲಿತ್ತು. ವ್ಯಾಕ್ಯೂಮ್ ಚೀಲ ತಂದು ಬಿಳಿ ಹಾಳೆಯ ಮೇಲೆ ಕತ್ತರಿಸಿದೆವು. ಬೂದು ಬಣ್ಣದ ನಾರು ಒಂದು ಹಿಡಿ. ಅದರಲ್ಲಿ ಮಿಂಚಿತು.

ಸಿಕ್ಕಿತು ಅಂತ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇನ್ನೂ ಒಂದು ಕೆಲಸ ಇತ್ತು. ಮೂರು ತುಂಡನ್ನೂ ಸೂಕ್ಷ್ಮದರ್ಶಕದ ಕೆಳಗೆ ಜೋಡಿಸಿ, ಮುರಿದ ಅಂಚುಗಳು ಒಂದಕ್ಕೊಂದು ಕೂಡುತ್ತವಾ ನೋಡಿ, ಅದೇ ಪೊಟ್ಟಣದ ಹೊಸ ಸೂಜಿಯ ಪಕ್ಕ ಇಟ್ಟು ಉದ್ದ ಅಳೆದರು. 39 ಮಿಲಿಮೀಟರ್. ಹೊಸದೂ 39. ನಾಲ್ಕನೇ ತುಂಡು ಇಲ್ಲ ಅಂತ ಆಗ ಖಾತ್ರಿಯಾಯಿತು. ಆ ಮೂರು ತುಂಡು ಪಾರದರ್ಶಕ ಟೇಪಿನ ಕೆಳಗೆ ಈಗಲೂ ಆ ಲಾಗ್ ಪುಸ್ತಕದಲ್ಲಿವೆ.

ಇಂಧನ ತುಂಬುವವರ ಒಂದು ಪಾಳಿ ಹಾಳಾಯಿತು. ಅವರಲ್ಲಿ ಒಬ್ಬರೂ ನನ್ನ ಮೇಲೆ ಗೊಣಗಲಿಲ್ಲ ಅಂತೇನಿಲ್ಲ. ಗೊಣಗಿದರು. ಆದರೆ ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದು ಅವರಿಗೂ ಗೊತ್ತಿತ್ತು.

ಈ ಬರೆಯುವ ಹುಚ್ಚು ಎಲ್ಲಿಂದ ಬಂತು ಅಂತ ಕೇಳುವವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಒಂದು ಘಟನೆ ಇದೆ. 2003ರ ಸೆಪ್ಟೆಂಬರ್ 6, ಕ್ಯಾಲಿಫೋರ್ನಿಯಾ. ನೋವಾ-ಎನ್ ಪ್ರೈಮ್ ಅನ್ನುವ ಹವಾಮಾನ ಉಪಗ್ರಹವನ್ನು ಗಾಡಿಯ ಮೇಲೆ ನಿಂತ ಭಂಗಿಯಿಂದ ಅಡ್ಡಕ್ಕೆ ಮಲಗಿಸುತ್ತಿದ್ದರು. ಅದನ್ನು ಗಾಡಿಗೆ ಹಿಡಿಯಬೇಕಿದ್ದ 24 ಬೋಲ್ಟುಗಳನ್ನು ಬೇರೆ ತಂಡ ಯಾವುದೋ ಕೆಲಸಕ್ಕೆ ಬಿಚ್ಚಿಕೊಂಡು ಹೋಗಿತ್ತು. ಬರೆದಿಡಲಿಲ್ಲ. ಮಲಗಿಸುವವರು ಬೋಲ್ಟ್ ಇದೆಯಾ ಅಂತ ಕಣ್ಣಾರೆ ನೋಡಲಿಲ್ಲ, ಹಳೆಯ ದಾಖಲೆ ನೋಡಿ ಇದೆ ಅಂತ ಅಂದುಕೊಂಡರು. ಉಪಗ್ರಹ ಜಾರಿ ನೆಲಕ್ಕೆ ಬಿತ್ತು. ದುರಸ್ತಿಗೆ ಆದ ಖರ್ಚು 13.5 ಕೋಟಿ ಡಾಲರ್. ಹಾರಿದ್ದು 2009ರ ಫೆಬ್ರವರಿಯಲ್ಲಿ. ಮಗ್ಗುಲಾಗಿ ಬಿದ್ದ ಆ ಉಪಗ್ರಹದ ಫೋಟೋ ನೋಡಿದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ಮೈಮೇಲಿನ ಹೊದಿಕೆ ಹೊಲಿದವರು ಯಾರೋ, ಅವರು ಆ ಫೋಟೋ ಹೇಗೆ ನೋಡಿದರೋ.

ಇಂಧನ ತುಂಬುವುದನ್ನು ನಾನು ನೋಡಿಲ್ಲ. ನಮ್ಮನ್ನು ಕಟ್ಟಡದಿಂದ ಹೊರಗೆ ಕಳಿಸುತ್ತಾರೆ. ಹೈಡ್ರಜೀನ್ ಕುಟುಂಬದ ಇಂಧನಗಳೆಲ್ಲ ವಿಷ. ವಾಸನೆ ಮೂಗಿಗೆ ಬಂತು ಅಂದರೆ ಆಗಲೇ ಮಿತಿ ಮೀರಿ ಒಳಗೆ ಹೋಗಿದೆ ಅಂತ ಅರ್ಥ. ಹಾಗಾಗಿ ತುಂಬುವ ಕೆಲವೇ ಜನ ಗಾಳಿಯ ಕೊಳವೆ ಜೋಡಿಸಿದ ಬಲೂನಿನಂಥ ಅಂಗಿ ತೊಟ್ಟು ಒಳಗಿರುತ್ತಾರೆ. ನಾವು ದೂರದ ಕೋಣೆಯಲ್ಲಿ ಪರದೆ ನೋಡುತ್ತಾ ಕೂತಿರುತ್ತೇವೆ. ಗಂಟೆಗಟ್ಟಲೆ. ಆಮೇಲೆ ತೂಕ. ಎತ್ತರದ ಕಕ್ಷೆಗೆ ಹೋಗುವ ಇಂಥ ಸಂಪರ್ಕ ಉಪಗ್ರಹಗಳಲ್ಲಿ ಅರ್ಧ ತೂಕ ಇಂಧನದ್ದೇ ಇರಬಹುದು. ನನ್ನ ಹೊದಿಕೆಗಳೆಲ್ಲ ಸೇರಿ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಆದರೂ ಪ್ರತಿ ಟೇಪ್ ತುಂಡನ್ನೂ ಗ್ರಾಂ ಲೆಕ್ಕದಲ್ಲಿ ಬರೆದಿರುತ್ತೇವೆ.

ಇಂಧನ ತುಂಬಿದ ಮೇಲೆ ಉಪಗ್ರಹದ ಸುತ್ತ ಜನರ ನಡಿಗೆಯೇ ಬದಲಾಗುತ್ತದೆ. ಮಾತು ಕಡಿಮೆ. ಮುಂಚೆ ಅದೊಂದು ಯಂತ್ರ, ಈಗ ಅದೊಂದು ತುಂಬಿದ ಪಾತ್ರೆ.

ರಾಕೆಟ್ಟಿನ ತುದಿಗೆ ಕೂರಿಸುವ ಬಳೆಯ ಮೇಲೆ ಅದನ್ನು ಇಟ್ಟು, ಸುತ್ತ ಒಂದು ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ಮೇಲೆ ಹೋದ ಮೇಲೆ ಈ ಪಟ್ಟಿ ಬಿಚ್ಚಿದರೇ ಉಪಗ್ರಹಕ್ಕೆ ಬಿಡುಗಡೆ. 2021ರ ನವೆಂಬರಿನಲ್ಲಿ ಜೇಮ್ಸ್ ವೆಬ್ ದೂರದರ್ಶಕವನ್ನು ಕೂರಿಸಲು ತಯಾರಿ ನಡೆದಾಗ ಇಂಥದೇ ಪಟ್ಟಿ ಇದ್ದಕ್ಕಿದ್ದಂತೆ ಬಿಚ್ಚಿಕೊಂಡು ಇಡೀ ದೂರದರ್ಶಕ ಒಮ್ಮೆ ಅದುರಿತ್ತು. ಮತ್ತೆ ಪರೀಕ್ಷೆ ಮಾಡಿ, ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಮುಂದೆ ಹೋದರು. ಡಿಸೆಂಬರ್ 25ಕ್ಕೆ ಹಾರಿತು.

ಆಮೇಲೆ ಹೀಟ್ ಶೀಲ್ಡ್. ಎರಡು ದೊಡ್ಡ ಹೋಳು, ಬೊಗಸೆ ಕೈಗಳ ಹಾಗೆ ಎರಡು ಕಡೆಯಿಂದ ಬಂದು ಮುಚ್ಚುತ್ತವೆ. ಉಪಗ್ರಹವನ್ನು ಇಡಿಯಾಗಿ ನೋಡುವುದು ಅದೇ ಕೊನೆ. ಮುಚ್ಚಿದ ಮೇಲೆ ಒಳಗೆ ತಂಪು ಒಣಗಾಳಿ ಬಿಡುತ್ತಲೇ ಇರಬೇಕು. ಬೇರೆಯವರಿಗೆ ಅದು ಬರೀ ಎ.ಸಿ., ನನಗೆ ಭಯ. 1997ರಲ್ಲಿ ಶನಿ ಗ್ರಹಕ್ಕೆ ಹೊರಟಿದ್ದ ಕ್ಯಾಸಿನಿ ನೌಕೆಗೆ ಜೋಡಿಸಿದ್ದ ಹೈಗನ್ಸ್ ಅನ್ನುವ ಚಿಕ್ಕ ಶೋಧ ನೌಕೆಗೆ ಗಾಳಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟು ಒಳಗಿನ ಉಷ್ಣ ನಿರೋಧಕ ಪದರ ಹರಿದಿತ್ತು. ಉಡಾವಣಾ ಕಟ್ಟೆಯಿಂದ ವಾಪಸ್ ಇಳಿಸಿ, ಬಿಚ್ಚಿ, ಸರಿ ಮಾಡಿ, ಅಕ್ಟೋಬರ್ 15ಕ್ಕೆ ಹಾರಿಸಿದರು. ಏಳು ವರ್ಷ ಪ್ರಯಾಣ ಮಾಡಬೇಕಾದದ್ದು ಫ್ಯಾನಿನ ಗಾಳಿಗೆ ಹರಿದದ್ದು ನೋಡಿ! ಅದಕ್ಕೇ ನಾನು ಪ್ರತಿ ಸಲ ಗಾಳಿಯ ವೇಗ ಎಷ್ಟಿದೆ ಅಂತ ಕೇಳುತ್ತೇನೆ. ಎ.ಸಿ. ನೋಡುವವರು ನನ್ನನ್ನು ಕಂಡರೆ ಮೊದಲೇ ಅಂಕಿ ಹೇಳಿಬಿಡುತ್ತಾರೆ.

ಹೊದಿಕೆಯಲ್ಲಿ ನಾವು ಸಣ್ಣ ಸಣ್ಣ ತೂತು ಬಿಟ್ಟಿರುತ್ತೇವೆ. ರಾಕೆಟ್ ಮೇಲೇರುವಾಗ ಎರಡು ಮೂರು ನಿಮಿಷದಲ್ಲಿ ಹೊರಗಿನ ಗಾಳಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಪದರಗಳ ನಡುವಿನ ಗಾಳಿಗೆ ದಾರಿ ಸಿಗದಿದ್ದರೆ ಹೊದಿಕೆ ಪೂರಿಯ ಹಾಗೆ ಉಬ್ಬಿ ಹರಿಯುತ್ತದೆ. ನಾನು ಕೆಲಸಕ್ಕೆ ಸೇರಿದ ವರ್ಷ ಪರೀಕ್ಷೆಯ ಕೊಠಡಿಯಲ್ಲಿ ನನ್ನದೇ ಒಂದು ತುಂಡು ಹೀಗೆ ಉಬ್ಬಿ ನಿಂತಿದ್ದನ್ನು ಗಾಜಿನ ಕಿಟಕಿಯಿಂದ ನೋಡಿದ್ದೆ. ತೂತು ಇತ್ತು. ನಾನು ಟೇಪ್ ಅಂಟಿಸುವಾಗ ಅವುಗಳ ಮೇಲೇ ಅಂಟಿಸಿದ್ದೆ.

ಕೊನೆಯ ರಾತ್ರಿ. ರಾಕೆಟ್ ಕಟ್ಟೆಯ ಮೇಲೆ ನಿಂತಿದೆ. ಹೀಟ್ ಶೀಲ್ಡಿನಲ್ಲಿ ಕೈ ಹಾಕುವಷ್ಟು ದೊಡ್ಡ ಬಾಗಿಲುಗಳಿರುತ್ತವೆ. ಕೊನೆಯ ಕೆಲವು ಕೆಂಪು ಪಟ್ಟಿ ತೆಗೆಯುವುದು ಅಲ್ಲಿಂದಲೇ. ಆ ಉಪಗ್ರಹಕ್ಕೆ ಉಳಿದಿದ್ದದ್ದು ಮೂರು. ಅದರಲ್ಲೊಂದು ನನ್ನ ಮೂಲೆಯ ಪಕ್ಕದ್ದು, ಹಾಗಾಗಿ ನನ್ನನ್ನೂ ಮೇಲೆ ಕರೆದರು. ಕಿವಿಯಲ್ಲಿ ಗಾಳಿ, ಕೆಳಗೆ ದೀಪಗಳು. ಸೊಂಟಕ್ಕೆ ಹಗ್ಗ, ಟಾರ್ಚಿಗೆ ದಾರ, ಕನ್ನಡಕಕ್ಕೂ ದಾರ. ಜೇಬು ಇರುವ ಅಂಗಿಯೇ ಇಲ್ಲ.

ಬಾಗಿಲಿನಿಂದ ಒಂದು ಅಡಿ ಉಪಗ್ರಹ ಕಾಣುತ್ತಿತ್ತು ಅಷ್ಟೆ. ನನ್ನ ನಾಲ್ಕು ಹೊಲಿಗೆ, ಎರಡನೇ ಸಲ ಹಾಕಿದ್ದು. ಒಂದು ಕೊಂಚ ಸೊಟ್ಟ. ಮೊದಲೇ ಗೊತ್ತಿತ್ತು, ಅದನ್ನೂ ಬರೆದು ಒಪ್ಪಿಗೆ ಪಡೆದಾಗಿತ್ತು. ಪಿನ್ ಎಳೆದೆ. ಪಟ್ಟಿ ಕೈಗೆ ಬಂತು. ಪಕ್ಕದವರು ನಂಬರ್ ಓದಿದರು, ಇನ್ನೊಬ್ಬರು ಫೋಟೋ ತೆಗೆದರು. ಬಾಗಿಲು ಮುಚ್ಚಿ ತಿರುಪು ಬಿಗಿದರು. ಒಂದೊಂದಕ್ಕೂ ಅಳತೆ ನೋಡಿ, ಜೋರಾಗಿ ಹೇಳಿ, ಬರೆದರು. ಹೊಸ ಹುಡುಗ ಕೆಳಗಿನಿಂದ ಫೋನಿನಲ್ಲಿ ಕೇಳಿದ, "ಮೇಡಂ, ಬೋರ್ಡಲ್ಲಿ 117 ಇದೆ." ನನ್ನ ಎದೆ ಧಸಕ್ ಅಂತು. ಆಮೇಲೆ ನೋಡಿದರೆ 118ನೆಯದು ನನ್ನ ಕೈಯಲ್ಲೇ ಇತ್ತು.

ಉಡಾವಣೆಯ ಹೊತ್ತಿಗೆ ನನಗೆ ಮಾಡಲು ಏನೂ ಇರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ನಮಗೆ ಕುರ್ಚಿ ಇರುವುದಿಲ್ಲ. ಹೊರಗೆ ನಿಂತು ನೋಡಿದೆ. ಬೆಳಕು ಮೊದಲು, ಸದ್ದು ಆಮೇಲೆ. ಪಕ್ಕದಲ್ಲಿದ್ದವರು ಅತ್ತರು, ತಬ್ಬಿಕೊಂಡರು. ನನಗೆ ಅಳು ಬರಲಿಲ್ಲ. ಹೊದಿಕೆ ಉಬ್ಬುವುದು ಇದೇ ನಿಮಿಷಗಳಲ್ಲಿ ಅಂತ ಎಣಿಸುತ್ತಿದ್ದೆ.

ಕವಾಟದ ಪಕ್ಕ, ನನ್ನ ಮೂಲೆಯ ಹಿಂದೆ, ಒಂದು ತಾಪಮಾನ ನೋಡುವ ಸೆನ್ಸರ್ ಇದೆ. ಉಪಗ್ರಹ ಬೇರ್ಪಟ್ಟು, ಮೊದಲ ನೆರಳು ದಾಟಿ ಬಂದ ಮೇಲೆ ಅದರ ಅಂಕಿ ತಿಳಿಸಿ ಅಂತ ಒಳಗಿದ್ದ ಗೆಳತಿಗೆ ಹೇಳಿಟ್ಟಿದ್ದೆ. ಬೆಳಗಿನ ಜಾವ ಮೆಸೇಜ್ ಬಂತು. ಬೇರೆ ಏನೂ ಬರೆದಿರಲಿಲ್ಲ.

'17.5'

ಎದ್ದು ಹೋಗಿ ಸೂಜಿ ಪೊಟ್ಟಣ ಎಣಿಸಿ ವಾಪಸ್ ಕೊಟ್ಟು, ಸಹಿ ಹಾಕಿ ಬಂದೆ.